ಬಾತ್‌ರೂಮಿನ ಹೊಸ ಸಾಕೆಟ್: ಟ್ರಿಮ್ಮರ್ ಓಕೆ, ಡ್ರೈಯರ್ ಹಾಕಿದರೆ ಟಕ್ ಅಂತ ಬೀಳುತ್ತೆ

ಹೊಸಗೋಡೆ:
ಎಲ್ಲರಿಗೂ ನಮಸ್ಕಾರ. ಬಾತ್‌ರೂಮಿನ ಕನ್ನಡಿ ಪಕ್ಕ ಒಂದು ಸಾಕೆಟ್ ಹಾಕಿಸಿ ನಾಲ್ಕು ದಿನ ಆಯಿತು. ಟ್ರಿಮ್ಮರ್ ಚಾರ್ಜ್‌ಗೆ ಹಾಕಿದರೆ ಏನೂ ತೊಂದರೆ ಇಲ್ಲ, ರಾತ್ರಿಯಿಡೀ ಇಟ್ಟಿದ್ದೇನೆ. ಹೇರ್ ಡ್ರೈಯರ್ ಸಿಕ್ಕಿಸಿ ಆನ್ ಮಾಡಿದ ತಕ್ಷಣ ಡಿಬಿಯಲ್ಲಿ (ಮನೆಯ ಬ್ರೇಕರ್‌ಗಳಿರುವ ಪೆಟ್ಟಿಗೆ) ಬ್ರೇಕರ್ ಟಕ್ ಅಂತ ಬೀಳುತ್ತೆ. ಫ್ಯಾನು ಒಂದು ಸುತ್ತು ತಿರುಗುವಷ್ಟೂ ಹೊತ್ತು ಕೊಡಲ್ಲ. ಅದೇ ಡ್ರೈಯರ್ (1200 ವ್ಯಾಟ್) ಗೋಡೆಯ ಆ ಕಡೆ ಬೆಡ್‌ರೂಮಿನ ಸಾಕೆಟ್‌ನಲ್ಲಿ ಆರಾಮಾಗಿ ಓಡುತ್ತೆ.

ಟೆಸ್ಟರ್ ಇಟ್ಟರೆ ಉರಿಯುತ್ತೆ. ಮೀಟರ್‌ನಲ್ಲಿ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ನಡುವೆ 231 ವೋಲ್ಟ್, ಫೇಸ್-ಅರ್ತ್ ಕೂಡ 231. ಹಾಕಿದವರನ್ನು ಕೇಳಿದರೆ "ನಿಮ್ಮ ಡ್ರೈಯರ್‌ದೇ ಪ್ರಾಬ್ಲಂ" ಅಂದುಬಿಟ್ಟರು. ನನಗಂತೂ ತಲೆ ಓಡುತ್ತಿಲ್ಲ.

ಹಳೇಫ್ಯೂಸ್:
ಬೀಳುತ್ತಿರೋದು ಎಂಸಿಬಿಯೋ ಆರ್‌ಸಿಸಿಬಿಯೋ, ಮೊದಲು ಅದನ್ನು ನೋಡಿ. ಪುಟ್ಟ ಟೆಸ್ಟ್ ಬಟನ್ ಇದ್ದು ಪಕ್ಕದಲ್ಲಿ 'ಟಿ' ಅಂತ ಇರುತ್ತಲ್ಲ, ಅದು ಆರ್‌ಸಿಸಿಬಿ. ಎಂಸಿಬಿ ಬಿದ್ದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಆರ್‌ಸಿಸಿಬಿ ಬಿದ್ದರೆ, ಅದರ ಮೂಲಕ ಹೋದಷ್ಟು ಕರೆಂಟ್ ಅದರ ಮೂಲಕವೇ ವಾಪಸ್ ಬರುತ್ತಿಲ್ಲ ಅಂತ. ಹುಡುಕುವ ದಾರಿಯೇ ಬೇರೆ ಆಗುತ್ತೆ.

ಹೊಸಗೋಡೆ:
ಟಿ ಬಟನ್ ಇರೋದೇ ಸರ್. 30 ಮಿಲಿಆಂಪ್ ಅಂತ ಬರೆದಿದೆ. ನಮ್ಮ ಡಿಬಿಯಲ್ಲಿ ಅಂಥವು ಎರಡಿವೆ. ಒಂದು ಪ್ಲಗ್ ಪಾಯಿಂಟ್‌ಗಳಿಗೆ, ಇನ್ನೊಂದು ಲೈಟು-ಫ್ಯಾನಿಗೆ. ಬೀಳೋದು ಪ್ಲಗ್‌ಗಳದ್ದು. ನಿನ್ನೆ ಒಂದು ಸಲ ಲೈಟುಗಳೂ ಹೋದವು, ಅದು ಸುಮ್ನೆ ಕಾಕತಾಳೀಯ ಇರಬೇಕು.

ಬೇಗಕೆಲಸ:
ಹೊಸ ಗಾರೆ ಒದ್ದೆ ಇರುತ್ತೆ, ಒಂದು ವಾರ ಒಣಗಲು ಬಿಡಿ. ಆಗಲೂ ಸರಿಹೋಗದಿದ್ದರೆ 30 ತೆಗೆಸಿ 100 ಮಿಲಿಆಂಪ್‌ದು ಹಾಕಿಸಿ. ಪದೇ ಪದೇ ಬೀಳುವ ಕಾಟ ಇರಲ್ಲ.

ಹಳೇಫ್ಯೂಸ್:
ಬೇಡ, ದಯವಿಟ್ಟು ಬೇಡ. 30 ಮಿಲಿಆಂಪ್ ವ್ಯತ್ಯಾಸ ಬಂದರೇ ಬೀಳುವ ಹಾಗೆ ಇಟ್ಟಿರೋದು ಮನುಷ್ಯನ ಜೀವ ಉಳಿಸಲು. 100, 300ರವು ಇರೋದು ಸೋರಿಕೆಯಿಂದ ಬೆಂಕಿ ಹತ್ತದಿರಲಿ ಅಂತ. ಒದ್ದೆ ಮೈಯಲ್ಲಿ ನಿಲ್ಲುವ ಜಾಗಕ್ಕೆ ಅದನ್ನು ದೊಡ್ಡದು ಮಾಡಿ ಅನ್ನೋದು ಎಂಥ ಸಲಹೆ ಮಾರಾಯ್ರೇ!

ಒದ್ದೆ ಗಾರೆ ಕಾರಣ ಅಂತಲೂ ನನಗನಿಸಲ್ಲ. ಫೇಸ್ ಸೋರುತ್ತಿದ್ದರೆ ಏನೂ ಸಿಕ್ಕಿಸದೆ ಸ್ವಿಚ್ ಹಾಕಿದರೂ ಬೀಳಬೇಕಿತ್ತು. ನನ್ನ ಅನುಮಾನ ಸಾಕೆಟ್ ಹಿಂದೆ ನ್ಯೂಟ್ರಲ್, ಅರ್ತ್ ಅದಲುಬದಲಾಗಿದೆ ಅಂತ. ಹಾಗಾದರೆ ಮೀಟರ್‌ಗೆ ಗೊತ್ತೇ ಆಗಲ್ಲ, ಎರಡೂ ಕಡೆ 231 ತೋರಿಸುತ್ತೆ. ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು ಬಿಚ್ಚಿ ನೋಡಿ. ಧೈರ್ಯ ಇಲ್ಲ ಅಂದರೆ ಬಿಚ್ಚಲೇಬೇಡಿ, ಗೊತ್ತಿರೋರನ್ನು ಕರೆಸಿ.

ಹೊಸಗೋಡೆ:
ಬಿಚ್ಚಿದೆ. ಕೆಂಪು ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ತ್‌ಗೆ. ಸ್ಕ್ರೂಗಳೆಲ್ಲ ಬಿಗಿ ಇವೆ, ಬಾಕ್ಸ್ ಒಳಗೆ ಒಂದು ಹನಿ ನೀರಿಲ್ಲ. ಒಂದೇ ವಿಚಿತ್ರ ಅಂದರೆ ಕೆಂಪು, ಹಸಿರು ದಪ್ಪ ಇವೆ, ಕಪ್ಪು ಮಾತ್ರ ಸಣ್ಣದು. ಕೆಂಪು, ಹಸಿರು ಕೆಳಗಿನ ಪೈಪಿನಿಂದ ಬಂದಿವೆ, ಕಪ್ಪು ಮೇಲಿನಿಂದ ಇಳಿದಿದೆ. ಇದರಲ್ಲೇನಾದರೂ ಇದೆಯಾ?

ತಾಮ್ರತಂತಿ:
ಅದರಲ್ಲೇ ಇದೆ. ನೀವು ಕಾಕತಾಳೀಯ ಅಂದಿರಲ್ಲ, ಲೈಟು ಹೋಗಿದ್ದು, ಅದರಲ್ಲೂ ಇದೆ.

ನಿಮ್ಮ ಫೇಸ್ ಬೆಡ್‌ರೂಮಿನ ಪ್ಲಗ್ ಪಾಯಿಂಟ್‌ನಿಂದ ಬಂದಿದೆ, ನ್ಯೂಟ್ರಲ್ ಲೈಟಿನ ಲೈನ್‌ನಿಂದ. ಡ್ರೈಯರ್‌ನ ಐದು ಆಂಪ್ ಕರೆಂಟ್ ಒಂದು ಆರ್‌ಸಿಸಿಬಿಯಿಂದ ಹೊರಟು ಇನ್ನೊಂದರ ಮೂಲಕ ಮನೆಗೆ ಸೇರುತ್ತಿದೆ. ಮೊದಲನೆಯದು "ಹೋದದ್ದು ಬರಲೇ ಇಲ್ಲ" ಅನ್ನುತ್ತೆ, ಎರಡನೆಯದು "ಕಳಿಸದೇ ಇದ್ದದ್ದು ಬಂತು" ಅನ್ನುತ್ತೆ. ಯಾವುದು ಚುರುಕೋ ಅದು ಮೊದಲು ಬೀಳುತ್ತೆ, ಒಮ್ಮೊಮ್ಮೆ ಎರಡೂ. ಅರ್ತ್-ನ್ಯೂಟ್ರಲ್ ಅದಲುಬದಲು ಆಗಿದ್ದರೆ ಲೈಟಿನದ್ದು ಬೀಳಲು ಕಾರಣವೇ ಇರುತ್ತಿರಲಿಲ್ಲ.

ಟ್ರಿಮ್ಮರ್ ಯಾಕೆ ನಡೆಯುತ್ತೆ ಅಂದರೆ, ಆ ಚಾರ್ಜರ್ ಎಳೆಯೋದೇ ಹತ್ತು-ಹನ್ನೆರಡು ಮಿಲಿಆಂಪ್ ಇರಬಹುದು. 30ರ ಆರ್‌ಸಿಸಿಬಿ 15ರವರೆಗೆ ಬೀಳಬಾರದು ಅಂತಲೇ ಮಾಡಿರುತ್ತಾರೆ. ಮೇಲೆ ಹೇಳಿದ 100ರದ್ದು ಹಾಕಿದ್ದರೂ ಬೀಳುತ್ತಿತ್ತು. ಕಾಣೆಯಾಗುತ್ತಿರೋದು ಐದು ಸಾವಿರ ಮಿಲಿಆಂಪ್.

ಖಾತ್ರಿ ಬೇಕಾ? ಸಾಕೆಟ್ ಮೊದಲಿನ ಹಾಗೆ ಮುಚ್ಚಿ. ಏನೂ ಸಿಕ್ಕಿಸಬೇಡಿ. ಲೈಟುಗಳ ಆರ್‌ಸಿಸಿಬಿ ಮಾತ್ರ ಆಫ್ ಮಾಡಿ, ಪ್ಲಗ್‌ಗಳದ್ದು ಆನ್ ಇರಲಿ. ಎಂಸಿಬಿ ಆಫ್ ಮಾಡಿದರೆ ಸಾಲದು, ಅದು ಬರೀ ಫೇಸ್ ಕಡಿಯುವಂಥದ್ದು ಇರಬಹುದು. ಆರ್‌ಸಿಸಿಬಿ ನ್ಯೂಟ್ರಲನ್ನೂ ಕಡಿಯುತ್ತೆ. ಈಗ ಅಳೆಯಿರಿ.

ಹೊಸಗೋಡೆ:
ಅಳೆದೆ. ಫೇಸ್-ಅರ್ತ್ 231, ಗಟ್ಟಿಯಾಗಿ ನಿಂತಿದೆ. ಫೇಸ್-ನ್ಯೂಟ್ರಲ್ 70, 40, 55 ಅಂತ ಸುಮ್ನೆ ಅಲೆದಾಡುತ್ತಿದೆ. ಲೈಟಿನದ್ದು ಆನ್ ಮಾಡಿದ ಕೂಡಲೇ ವಾಪಸ್ 231!

ತಾಮ್ರತಂತಿ:
ಸಿಕ್ಕಿತು. ಆ ಅಲೆದಾಟ ನಿಜವಾದ ವೋಲ್ಟೇಜ್ ಅಲ್ಲ, ಎಲ್ಲಿಗೂ ಸೇರದೆ ತೂಗಾಡುವ ವೈರನ್ನು ಡಿಜಿಟಲ್ ಮೀಟರ್ ಹಾಗೆ ಓದುತ್ತೆ.

ಸರಿ ಮಾಡಿಸುವವರೆಗೆ ಆ ಸಾಕೆಟ್ ಮುಟ್ಟಬೇಡಿ, ಟ್ರಿಮ್ಮರ್ ಕೂಡ ಬೇಡ. ಯಾಕೆ ಅಂದರೆ, ನಾಳೆ ಯಾರೋ ಕನ್ನಡಿ ಲೈಟ್ ಬದಲಿಸಲು ಬರುತ್ತಾರೆ ಅಂತಿಟ್ಟುಕೊಳ್ಳಿ. ಲೈಟಿನ ಬ್ರೇಕರ್ ಆಫ್ ಮಾಡಿ, ಕರೆಂಟ್ ಇಲ್ಲ ಅನ್ನೋ ನಂಬಿಕೆ ಮೇಲೆ ಕಪ್ಪು ವೈರ್ ಬಿಡಿಸುತ್ತಾರೆ. ಅದೇ ಹೊತ್ತಿಗೆ ಈ ಸಾಕೆಟ್‌ನಲ್ಲಿ ಏನಾದರೂ ಸಿಕ್ಕಿಸಿ ಆನ್ ಇದ್ದರೆ, ಅದರೊಳಗಿಂದ ಹಾದು ಫೇಸ್ ಆ ಕಪ್ಪು ವೈರಿಗೆ ಬಂದಿರುತ್ತೆ.

ಪರಿಹಾರ ಸುಲಭ: ಕೆಂಪು ಎಲ್ಲಿಂದ ಬಂತೋ ಕಪ್ಪೂ ಅಲ್ಲಿಂದಲೇ, ಅಷ್ಟೇ ದಪ್ಪದ್ದು ಬರಬೇಕು.

ಹಳೇಫ್ಯೂಸ್:
ಒಪ್ಪಿದೆ, ನನ್ನ ಊಹೆ ತಪ್ಪು. ಲೈಟಿನ ಮಾತು ನನ್ನ ಕಣ್ಣಿಗೂ ಬಿತ್ತು, ಹಾಗೇ ದಾಟಿಬಿಟ್ಟೆ.

ಇನ್ನೊಂದು. ಸಾಕೆಟ್ ಷವರ್‌ನಿಂದ ಎಷ್ಟು ದೂರ? ತೊಟ್ಟಿ ಇಲ್ಲದ ಷವರ್ ಆದರೆ ನೀರು ಬರುವ ಜಾಗದಿಂದ ಸುತ್ತ 120 ಸೆಂಟಿಮೀಟರ್ ಒಳಗೆ ಸಾಕೆಟ್ ಇರಬಾರದು ಅಂತ ಅಂತಾರಾಷ್ಟ್ರೀಯ ವಿದ್ಯುತ್ ಮಾನದಂಡ ಐಇಸಿ 60364-7-701 ಹೇಳುತ್ತೆ. ಅದು ಕನಿಷ್ಠ. ಕೆಲವು ದೇಶಗಳಲ್ಲಿ ಇನ್ನೂ ಬಿಗಿ.

ಹೊಸಗೋಡೆ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಬೇರೆಯವರನ್ನು ಕರೆಸಿದೆ. ಮೊದಲು ಹಾಕಿದವರನ್ನೂ ಫೋನಿನಲ್ಲಿ ಕೇಳಿದೆ. "ಲೈಟಿನ ವೈರು ಸಣ್ಣ, ಡ್ರೈಯರ್ ತಡೆಯಲ್ಲ ಅಂತ ಫೇಸ್ ಬೆಡ್‌ರೂಮಿನಿಂದ ತಂದೆ. ನ್ಯೂಟ್ರಲ್ ಕನ್ನಡಿ ಲೈಟಿನಲ್ಲೇ ಇತ್ತಲ್ಲ, ನ್ಯೂಟ್ರಲ್ ಎಲ್ಲಾ ಒಂದೇ" ಅಂದರು. ಫೇಸ್‌ನಲ್ಲಿ ಹೋದ ಐದು ಆಂಪ್ ನ್ಯೂಟ್ರಲ್‌ನಲ್ಲೂ ಐದೇ ಅಲ್ವಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಈಗ ಕೆಂಪು ವೈರಿನ ಪೈಪಿನಲ್ಲೇ 2.5 ಚದರ ಮಿ.ಮೀ. ಕಪ್ಪು ವೈರ್ ಎಳೆದಿದ್ದಾರೆ. ಡ್ರೈಯರ್ ಹತ್ತು ನಿಮಿಷ ಓಡಿಸಿದೆ, ಏನೂ ಬೀಳಲಿಲ್ಲ. ಎರಡೂ ಟಿ ಬಟನ್ ಒತ್ತಿ ನೋಡಿದೆ, ಒತ್ತಿದ ಕೂಡಲೇ ಬಿದ್ದವು. ಷವರ್‌ನಿಂದ ಸಾಕೆಟ್‌ಗೆ 165 ಸೆಂಟಿಮೀಟರ್ ಇದೆ. ಮುಚ್ಚಳ ಇರುವ, ನೀರು ಸಿಡಿದರೂ ತಡೆಯುವ ಐಪಿಎಕ್ಸ್4 ಸಾಕೆಟನ್ನೇ ಹಾಕಿಸಿದೆ.

ತಾಮ್ರತಂತಿ:
ಒಳ್ಳೆಯದಾಯಿತು. ಆ ಹಳೇ ಕಪ್ಪು ವೈರ್ ಏನು ಮಾಡಿದರು? ಗೋಡೆಯಲ್ಲೇ ಬಿಟ್ಟರಾ?

ಹೊಸಗೋಡೆ:
ಇಲ್ಲ, ಕನ್ನಡಿ ಲೈಟಿನ ಕಡೆ ಬಿಡಿಸಿ ಪೂರ್ತಿ ಎಳೆದು ತೆಗೆದರು. ಅಳೆದರೆ ಒಂದೂವರೆ ಅಡಿಯೂ ಇರಲಿಲ್ಲ.