ಹಳೇ ಸೈ-ಫೈ ಕಾದಂಬರಿಗಳಲ್ಲಿ ಪಾದ್ರಿಗಳಿಗೇನು ಕೆಲಸ?

ವಾಸ್ಕೋ_ವಾಸಿ:
ಪಣಜಿಯ ಹಳೇ ಪುಸ್ತಕದಂಗಡಿಯಲ್ಲಿ ಜೇಮ್ಸ್ ಬ್ಲಿಷ್‌ನ ‘ಎ ಕೇಸ್ ಆಫ್ ಕಾನ್ಷಿಯನ್ಸ್’ ಸಿಕ್ಕಿತು, 1958ರದ್ದು. ರಾಕೆಟ್ಟು, ಬೇರೆ ಗ್ರಹ ಅಂತ ಆಸೆಪಟ್ಟು ತಂದರೆ ಹೀರೋನೇ ಜೆಸ್ವಿಟ್ (ಕ್ಯಾಥೊಲಿಕ್ ಚರ್ಚಿನ ಒಂದು ಸಂಘ) ಪಾದ್ರಿ, ಜೊತೆಗೆ ಜೀವವಿಜ್ಞಾನಿ. ಲಿಥಿಯಾ ಅನ್ನೋ ಗ್ರಹದಲ್ಲಿ ದೊಡ್ಡ ಹಲ್ಲಿಯಂಥ ಜೀವಿಗಳು, ಯುದ್ಧ ಇಲ್ಲ, ಅಪರಾಧ ಇಲ್ಲ, ದೇವರೂ ಇಲ್ಲ. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಈ ಮನುಷ್ಯ ಇದೆಲ್ಲ ಸೈತಾನನ ಕೆಲಸ ಅಂದುಬಿಡುತ್ತಾನೆ! ನಾನು ಹಾವೇರಿ ಕಡೆಯವನು. ಚರ್ಚ್ ಅಂದರೆ ನೆಂಟರು ಬಂದಾಗ ಓಲ್ಡ್ ಗೋವಾಕ್ಕೆ ಕರ್ಕೊಂಡು ಹೋಗುವುದು, ಅಷ್ಟೇ ಗೊತ್ತು. ಬೈಬಲ್ ಓದದೆ ಇದು ಅರ್ಥ ಆಗುವುದಿಲ್ವಾ?

ಮರೋಳ್_ಬಾಯಿ:
ಬೈಬಲ್ ಬೇಡ, ನಮ್ಮ ದೊತೊರ್ನ್ ಕ್ಲಾಸ್, ಅಂದರೆ ಚರ್ಚಿನ ಧರ್ಮಪಾಠ, ಸಾಕಿತ್ತು. (ಮಂಗಳೂರಿನವಳು, ಮುಂಬೈಗೆ ಬಂದು ಇಪ್ಪತ್ತು ವರ್ಷ.) ದೇವರಿಲ್ಲದೆಯೂ ಪಾಪವೇ ಇಲ್ಲದೆ ಬದುಕಬಹುದು ಅಂತ ಆ ಗ್ರಹ ತೋರಿಸುತ್ತದೆ, ಅದು ಬಲೆ ಅನ್ನೋದು ಅವನ ಅನುಮಾನ. ಆದರೆ ನಿಜವಾದ ಮಜಾ ಅದರಾಚೆ ಇದೆ. ಸೃಷ್ಟಿ ಮಾಡುವವನು ದೇವರೊಬ್ಬನೇ, ಸೈತಾನನೂ ಒಂದು ಗ್ರಹ ಹುಟ್ಟಿಸಬಲ್ಲ ಅಂದರೆ ಚರ್ಚಿನ ಪ್ರಕಾರ ಅದೇ ಧರ್ಮವಿರೋಧಿ ಮಾತು. ಅಂದರೆ ಬಲೆ ಹಿಡಿಯಲು ಹೋದವನೇ ಸಿಕ್ಕಿಬಿದ್ದ! ಇನ್ನು ಜೆಸ್ವಿಟರೇ ಯಾಕೆ ಅಂದರೆ, ದೂರದರ್ಶಕದ ಹಿಂದೆ ಕೂತವರು, ಶಾಲೆ ಕಟ್ಟಿದವರು ಅವರಲ್ಲಿ ಜಾಸ್ತಿ. ನಿಮ್ಮ ಗೋವಾಕ್ಕೆ 1556ರಲ್ಲಿ ಮುದ್ರಣ ಯಂತ್ರ ಬಂದದ್ದೂ ಅವರ ಜೊತೆಗೇ. ವಿಜ್ಞಾನ, ನಂಬಿಕೆ ಎರಡೂ ಒಂದೇ ತಲೆಯೊಳಗೆ ಇದ್ದರೆ ಜಗಳಕ್ಕೆ ಇಬ್ಬರು ಬೇಕಾಗಿಲ್ಲ ನೋಡಿ.

ಡೊಂಬಿವಲಿ_ಲೋಕಲ್:
ಬ್ಲಿಷ್ ನನಗೆ ಸ್ವಲ್ಪ ಒಣ ಅನಿಸಿತು, ಎರಡನೇ ಭಾಗದಲ್ಲಿ ಎರಡು ಸಲ ನಿದ್ದೆ ಹೊಡೆದೆ. ವಾಲ್ಟರ್ ಮಿಲ್ಲರ್‌ನ ‘ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಸ್’ ಓದಿ. ಈತ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದವನು, 1944ರಲ್ಲಿ ಇಟಲಿಯ ಮೊಂಟೆ ಕಸಿನೊ ಮಠದ ಮೇಲೆ ಬಾಂಬ್ ಹಾಕಿದ ದಾಳಿಯಲ್ಲೂ ಇದ್ದ. ಆಮೇಲೆ ಕ್ಯಾಥೊಲಿಕ್ ಆದ, ಈ ಕಾದಂಬರಿ ಬರೆದ. ಅಣುಯುದ್ಧ ಆಗಿ ನೂರಾರು ವರ್ಷದ ಮೇಲೆ ಮರುಭೂಮಿಯ ಮಠದ ಸನ್ಯಾಸಿಗಳು ಅಳಿದುಳಿದ ವಿಜ್ಞಾನದ ಕಾಗದ ಕಾಯುತ್ತಿರುತ್ತಾರೆ, ಒಂದಕ್ಷರ ಅರ್ಥ ಆಗದೆ. ಫ್ರಾನ್ಸಿಸ್ ಅನ್ನೋ ಹುಡುಗ ಸನ್ಯಾಸಿಗೆ ಆ ಮಠದವರು ಸಂತ ಅಂತ ನಂಬಿದ ಲೀಬೋವಿಟ್ಸ್‌ನ ಕೈಬರಹದ ಚೀಟಿ ಸಿಗುತ್ತದೆ, ನೋಡಿದರೆ ಕಿರಾಣಿ ಚೀಟಿ! ಒಂದು ಪೌಂಡ್ ಮಾಂಸ, ಒಂದು ಡಬ್ಬಿ ಹುಳಿ ಕೋಸು, ಆರು ಬೇಗಲ್ (ಬಳೆಯಂಥ ಬ್ರೆಡ್ಡು). ಜೊತೆಗೆ ಸಿಕ್ಕ ಒಂದು ಸರ್ಕ್ಯೂಟ್ ನಕ್ಷೆಯನ್ನು ಹದಿನೈದು ವರ್ಷ ಕೂತು ಬಂಗಾರದ ಬಳ್ಳಿ ಬಿಡಿಸಿ ನಕಲು ಮಾಡುತ್ತಾನೆ. ದಾರಿಯಲ್ಲಿ ಕಳ್ಳ ಆ ನಕಲನ್ನೇ ಕಿತ್ತುಕೊಂಡು, ಹಳೇ ಕಾಗದ ಬಿಟ್ಟು ಹೋಗುತ್ತಾನೆ. ಇದನ್ನು ಮುಂಬೈ ಲೋಕಲ್ ಟ್ರೇನಿನಲ್ಲಿ ಓದುವಾಗ ಠಾಣೆ ಊರಿನ ಹತ್ತಿರ ಜನ ನನ್ನನ್ನು ತಳ್ಳುತ್ತಿದ್ದರೂ ಒಬ್ಬನೇ ನಗುತ್ತಿದ್ದೆ.

ಮರೋಳ್_ಬಾಯಿ:
ಕೊನೆಯ ಭಾಗದಲ್ಲಿ ನಗು ಬರುವುದಿಲ್ಲ, ಅದೂ ಹೇಳಿಬಿಡಿ.

ವಾಸ್ಕೋ_ವಾಸಿ:
ಸರಿ ಬಾಯಮ್ಮ, ಬ್ಲಿಷ್ ಮುಗಿಸಿ ಅದನ್ನೇ ಹಿಡಿಯುತ್ತೇನೆ. ಈಗ ಪೊದೇರ್ (ನಮ್ಮ ಗೋವಾದ ಬ್ರೆಡ್ ಮಾರುವವನು) ಸೈಕಲ್ ಹಾರ್ನ್ ಕೇಳುತ್ತಿದೆ. ನನ್ನ ಜೇಬಿನ ಚೀಟಿಯಲ್ಲಿ ಆರು ಪೊಯಿ ಬ್ರೆಡ್ಡು ಅಂತ ಬರೆದಿದೆ.