ಅಡ್ವಾನ್ಸ್ ಕಟ್ಟುವ ಮೊದಲು ಹಿಂದಿನ ಪುಟ ಓದು

ಪುಟ್ಟಿ, ನಾನು ದೊಡ್ಡಮ್ಮ. ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನು ಈಗ ಪೂಜೆ ಮುಗಿಸಿ ನೋಡಿದೆ. ಮೇ ತಿಂಗಳಲ್ಲಿ ಯುರೋಪ್ ಗ್ರೂಪ್ ಟೂರು, ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ಇಟಲಿ. ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಬೇಕು, ಕೂಡಿಟ್ಟಿದ್ದೆಲ್ಲ ಪ್ಯಾಕೇಜಿಗೇ ಹೋಗುತ್ತದೆ, ಅಲ್ಲಿಗೆ ಹೋದ ಮೇಲೆ ಕೈಖರ್ಚಿಗೆ ಇನ್ನೆಷ್ಟು ಬೇಕೋ ಗೊತ್ತಿಲ್ಲ, ಹೆದರಿಕೆ ಆಗುತ್ತಿದೆ ಅಂತ ಕೇಳಿದ್ದೀಯ. ಹೆದರಬೇಡವ್ವ. ಹೋಗು. ಆದರೆ ನನ್ನದೊಂದು ಮಾತು ಕೇಳಿಸಿಕೋ. ಅವರು ಕೊಟ್ಟಿರುವ ಬಣ್ಣಬಣ್ಣದ ಕಾಗದದ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿ "ಇವು ಸೇರಿಲ್ಲ" ಅಂತ ಇರುತ್ತದೆ. ಅದನ್ನು ಓದದೆ ಒಂದು ರೂಪಾಯಿಯನ್ನೂ ಕಟ್ಟಬೇಡ.

ಯಾಕೆ ಹೇಳುತ್ತೇನೆ ಅಂದ್ರೆ, ನಾನು ರಿಟೈರ್ ಆದ ವರ್ಷ ಇಂಥದ್ದೇ ಯುರೋಪ್ ಟೂರಿಗೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ನಿಮ್ಮ ದೊಡ್ಡಪ್ಪ ಹೋದ ಮೇಲೆ ಮೊದಲ ಸಲ ನನಗಾಗಿ ನಾನು ದುಡ್ಡು ಬಿಚ್ಚಿದ್ದು ಅದಕ್ಕೇ. ಊರದೇವತೆ ದುಗ್ಗಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಹೊರಟೆ. ಟೂರಿನವರ ಹೆಸರು ಇಲ್ಲಿ ಬೇಡ. ದುಡ್ಡು ಕಟ್ಟಿಸಿಕೊಳ್ಳುವಾಗ "ಎಲ್ಲಾ ಸೇರಿದೆ ಮೇಡಂ, ನೀವು ಬರಿಗೈಯಲ್ಲಿ ಬನ್ನಿ" ಅಂದಿದ್ದರು. ಕಾಗದದಲ್ಲಿ ಸ್ವಿಟ್ಜರ್‌ಲೆಂಡಿನ "ಟಿಟ್ಲಿಸ್ ಹಿಮಪರ್ವತ" ಅಂತ ದೊಡ್ಡದಾಗಿ, ಫೋಟೊ ಸಮೇತ ಹಾಕಿದ್ದರು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಹಿಮನದಿ ಹೇಗೆ ಜಾರುತ್ತದೆ, ಬಂಡೆಯನ್ನು ಹೇಗೆ ಉಜ್ಜಿಕೊಂಡು ಹೋಗುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಕಣ್ಣಾರೆ ನೋಡಿರಲಿಲ್ಲ. ಟಿಟ್ಲಿಸ್ ಮೇಲಿನ ಸ್ಟೇಷನ್ನೇ 3020 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್, ನೀನೇ ಲೆಕ್ಕ ಹಾಕು. ಕೊನೆಯ ಹಂತದಲ್ಲಿ ಕೇಬಲ್ ಕಾರು ಮೇಲೇರುತ್ತಲೇ ಸುತ್ತ ತಿರುಗುತ್ತದೆ, ನಾಲ್ಕೂ ದಿಕ್ಕು ಕಾಣುತ್ತದೆ. 1992ರಿಂದ ಹಾಗೆ ನಡೆಯುತ್ತಿದೆ. ಮೇಲೆ ಹಿಮದೊಳಗೇ ಕೊರೆದ ಗುಹೆ ಇದೆ. ಇದನ್ನೆಲ್ಲ ಓದಿಕೊಂಡು, ಸ್ವೆಟರು, ಉಣ್ಣೆ ಕಾಲುಚೀಲ ಎಲ್ಲ ಹೊಂದಿಸಿಕೊಂಡು ಹೋಗಿದ್ದೆ.

ಆವತ್ತು ಬೆಳಿಗ್ಗೆ ಬಸ್ಸು ಟಿಟ್ಲಿಸ್ ಬುಡದ ಊರು ಎಂಗೆಲ್‌ಬರ್ಗ್ ಹತ್ತಿರ ಬಂದಾಗ ಟೂರ್ ಮ್ಯಾನೇಜರ್ ಎದ್ದು ನಿಂತ. ಕೈಯಲ್ಲಿ ಜಿಪ್ಪಿನ ಚೀಲ, ಒಂದು ನೋಟ್‌ಬುಕ್ಕು. ಸೀಟಿನಿಂದ ಸೀಟಿಗೆ ಬಂದು, ಹೆಸರಿನ ಮುಂದೆ ಟಿಕ್ ಹಾಕುತ್ತಾ, ತಲೆಗೆ ನೂರು ಫ್ರಾಂಕಿನಷ್ಟು (ಅಲ್ಲಿಯ ದುಡ್ಡು) ತೆಗೆದುಕೊಳ್ಳುತ್ತಾ ಬಂದ. "ಇದೇನಪ್ಪಾ, ಸೇರಿದೆ ಅಂದಿದ್ದರಲ್ಲ" ಅಂದೆ. "ಇಲ್ಲ ಆಂಟಿ, ಟಿಟ್ಲಿಸ್ ನೋಡುವುದು ಸೇರಿದೆ, ಹತ್ತುವುದು ಆಪ್ಶನಲ್" ಅಂದ. ಹಿಂದಿನ ಪುಟ ತೆಗೆದು ತೋರಿಸಿದ. ಅಕ್ಕಿಕಾಳಿನಷ್ಟು ಸಣ್ಣ ಅಕ್ಷರ. ನಾನು ಕೌಂಟರಿನಲ್ಲಿ ಕೇಳಿದಾಗ ಅವರು ಬಾಯಿಮಾತಲ್ಲಿ ಹೇಳಿದ್ದೇ ಬೇರೆ, ಅಲ್ಲಿದ್ದದ್ದೇ ಬೇರೆ.

ಕೈಯಲ್ಲಿ ದುಡ್ಡು ಇರಲಿಲ್ಲ ಅಂತಲ್ಲ. ಇಟಲಿ ಪೂರ್ತಿ ಇನ್ನೂ ಬಾಕಿ ಇತ್ತು. ಪರದೇಶದಲ್ಲಿ ಕೈ ಖಾಲಿ ಮಾಡಿಕೊಂಡು ಯಾರ ಮುಂದೆ ನಿಲ್ಲಲಿ? ಹರಿಹರದ ಒಬ್ಬ ಗಂಡ ಹೆಂಡತಿ ಇದ್ದರು, ಅವರೂ ನಾನೂ ಕೆಳಗೇ ಉಳಿದೆವು. ಆ ಅಮ್ಮ ಚೀಲದಿಂದ ಖಾರ ಮಂಡಕ್ಕಿ ತೆಗೆದು ನನ್ನ ಕೈಗೆ ಹಾಕಿದರು. ಮೇಲೆ ಹೋಗುವ ಡಬ್ಬಿಗಳನ್ನು ನೋಡುತ್ತಾ ಮೂರೂ ಜನ ಕೂತಿದ್ದೆವು. ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲವ್ವ. ಅಷ್ಟು ದೂರ ಹೋಗಿ, ಹಿಮನದಿಯ ಬುಡದಲ್ಲಿ ಕೂತು ವಾಪಸ್ ಬಂದೆ. ಮೇಲೆ ಹೋದವರು ಇಳಿದು ಬಂದು ಫೋಟೊ ತೋರಿಸಿದರು. ನೋಡಿದೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಹಿಂದಿನ ಪುಟ ಓದು. ಬಾಯಿಮಾತು ನಂಬಬೇಡ. "ಇದು ಸೇರಿದೆಯಾ" ಅಂತ ಒಂದೊಂದು ಜಾಗದ ಹೆಸರು ಹಾಕಿ ವಾಟ್ಸಾಪಿನಲ್ಲೋ ಈಮೇಲಿನಲ್ಲೋ ಕೇಳು, ಬರಹದಲ್ಲಿ ಉತ್ತರ ತರಿಸಿಕೋ. ಐಫೆಲ್ ಟವರ್ ಅಂದ್ರೆ ಎರಡನೇ ಹಂತದವರೆಗೋ, ತುದಿಯವರೆಗೋ? ಎರಡಕ್ಕೂ ಟಿಕೆಟ್ ಬೇರೆ ಬೇರೆ. ವೆನಿಸ್‌ನಲ್ಲಿ ಗೊಂಡೊಲಾ ದೋಣಿ ಸೇರಿದೆಯೋ ಇಲ್ಲವೋ? ಅಲ್ಲಿ ಹಗಲು ಅರ್ಧ ಗಂಟೆಗೆ ಸರ್ಕಾರಿ ದರವೇ 90 ಯೂರೋ. ಅದು ತಲೆಗಲ್ಲ, ದೋಣಿಗೆ. ನಾಲ್ಕೈದು ಜನ ಹಂಚಿಕೊಂಡರೆ ಭಾರ ಆಗುವುದಿಲ್ಲ. ಮಧ್ಯಾಹ್ನದ ಊಟ ಸೇರಿದೆಯಾ ಕೇಳು. ಡ್ರೈವರಿಗೆ, ಗೈಡಿಗೆ ದಿನಕ್ಕೆ ಇಷ್ಟು ಅಂತ ಟಿಪ್ಸ್ ಒಟ್ಟುಗೂಡಿಸುತ್ತಾರೆ, ಅದು ಹೆಚ್ಚುಕಮ್ಮಿ ಯಾವ ಪ್ಯಾಕೇಜಿನಲ್ಲೂ ಸೇರಿರುವುದಿಲ್ಲ. ಇಟಲಿಯ ಹೋಟೆಲುಗಳಲ್ಲಿ ರಾತ್ರಿಗೆ ತಲೆಗೆ ಇಷ್ಟು ಅಂತ ಸಿಟಿ ಟ್ಯಾಕ್ಸ್ ಬೇರೆ. ಹೆದ್ದಾರಿಯಲ್ಲಿ ಬಸ್ ನಿಲ್ಲಿಸಿದ ಕಡೆ ಬಚ್ಚಲುಮನೆಗೂ ಚಿಲ್ಲರೆ ಬೇಕು. ಸುಮ್ನೆ ಅಂತ ಬಿಟ್ಟ ಇವೇ ಕೊನೆಗೆ ಕೂಡಿ ದೊಡ್ಡದಾಗುತ್ತವೆ.

ಇನ್ನು ಮನೆಯವರ ಪಟ್ಟಿ. ಇದನ್ನು ಹೇಳದೆ ಇರುವುದಕ್ಕೆ ನನಗೆ ಆಗುವುದಿಲ್ಲ. ನಾನು ಹೋಗುತ್ತೇನೆ ಅಂದಾಗ ಈ ಗ್ರೂಪಿನಲ್ಲಿ ಇರುವವರೇ ಏನೇನು ಅಂದಿರಿ, ನೆನಪಿದೆ. "ಹೆಂಗಸು ಒಬ್ಬಳೇ ಯಾಕೆ", "ಆ ದುಡ್ಡಿಗೆ ಆವರಗೆರೆ ಕಡೆ ಸೈಟಿಗೆ ಅಡ್ವಾನ್ಸ್ ಆಗುತ್ತಿತ್ತು" ಅಂತ. ನನ್ನ ಸಂಬಳದ ದುಡ್ಡು ಅದು. ಅದೇ ನಮ್ಮ ಮನೆಯ ಶಿವಣ್ಣ ದುಬೈಗೆ ಹೋಗಿ ಬಂದಾಗ ಹಾರ ಹಾಕಿ, ಹೋಳಿಗೆ ಊಟ ಮಾಡಿದರು. ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಯಾರೂ ಬರಲಿಲ್ಲ. ಆದರೆ ಹಿಂದಿನ ದಿನ ರಾತ್ರಿ ಎಲ್ಲರಿಂದಲೂ ಪಟ್ಟಿ ಬಂತು. ಚಾಕಲೇಟು, ಸೆಂಟು, ಗಡಿಯಾರ. ಒಬ್ಬರೂ ದುಡ್ಡು ಕೊಟ್ಟಿರಲಿಲ್ಲ. ತಂದುಕೊಟ್ಟೆ. "ಟಿಟ್ಲಿಸ್ ಹತ್ತಿದೆಯಾ ಅಕ್ಕ" ಅಂತ ಇವತ್ತಿಗೂ ಒಬ್ಬರು ಕೇಳಿಲ್ಲ.

ಈಗ ಈ ಹುಡುಗಿ ಹೋಗುತ್ತೇನೆ ಅಂದ್ರೆ ಮತ್ತೆ ಅದೇ. ರಾತ್ರಿ ಬಂದ ಉತ್ತರಗಳನ್ನು ನೋಡಿದೆ. "ಮದುವೆ ಆದ ಮೇಲೆ ಹೋಗು" ಅಂತ ಒಬ್ಬರು, "ಅಷ್ಟು ಖರ್ಚು ಯಾಕೆ, ಥಾಯ್ಲೆಂಡಿಗೆ ಹೋಗು" ಅಂತ ಇನ್ನೊಬ್ಬರು. ಅವಳು ಕೇಳಿದ್ದು ಎಲ್ಲಿಗೆ ಹೋಗಲಿ ಅಂತಲ್ಲ. ಅವಳು ದುಡಿದಿದ್ದು, ಅವಳು ಹೋಗುತ್ತಾಳೆ. ಪುಟ್ಟಿಗೆ ಯಾರೂ ಪಟ್ಟಿ ಕಳಿಸಬೇಡಿ. ಏನಾದರೂ ತರಿಸಲೇಬೇಕು ಅಂದ್ರೆ ಮೊದಲು ಅವಳ ಅಕೌಂಟಿಗೆ ದುಡ್ಡು ಹಾಕಿ, ಆಮೇಲೆ ಹೇಳಿ. ರೇಣುಕಾ, ನಿನಗೂ ಸೇರಿಸಿಯೇ ಹೇಳುತ್ತಿದ್ದೇನೆ. ತಾಯಿ ಆದವಳು ನೀನಾದರೂ ಅವಳ ಪರ ಎರಡು ಮಾತು ಆಡಬೇಕಿತ್ತು.

ಅಯ್ಯೋ ಪುಟ್ಟಿ, ನೀನು ಕೇಳಿದ್ದು ಲೆಕ್ಕ ಅಲ್ವಾ. ಹೇಳುತ್ತೇನೆ ತಡಿ.

ಎಲ್ಲಕ್ಕೂ ಮೊದಲು ಪಾಸ್‌ಪೋರ್ಟ್ ತೆಗೆದು ನೋಡು. ವಾಪಸ್ ಬರುವ ದಿನದಿಂದ ಆಚೆಗೆ ಆರು ತಿಂಗಳಾದರೂ ಅವಧಿ ಇರಲಿ, ಖಾಲಿ ಪುಟ ಎರಡು ಇರಲಿ. ಇಲ್ಲದಿದ್ದರೆ ಅಡ್ವಾನ್ಸ್ ಆಮೇಲೆ, ಮೊದಲು ರಿನ್ಯೂವಲ್‌ಗೆ ಹಾಕು. ಮಾಮೂಲಿಗೆ 1500 ರೂಪಾಯಿ, ತತ್ಕಾಲ್ ಅಂದ್ರೆ ಮೇಲೆ ಇನ್ನೂ 2000.

ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗುವ ಷೆಂಗೆನ್ ವೀಸಾ ಫೀಸು 90 ಯೂರೋ, ಅರ್ಜಿ ಕೇಂದ್ರದವರ ಚಾರ್ಜು ಬೇರೆ. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಹಾಗಾಗಿ ವೀಸಾ ಆಗದೇ ಹೋದರೆ ಟೂರಿನವರು ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ಕೊಡುತ್ತಾರೆ, ಅದನ್ನೂ ಬರಹದಲ್ಲೇ ಕೇಳು. ಹೊರಡುವ ಆರು ತಿಂಗಳ ಮುಂಚಿನಿಂದಲೂ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆಗೆ ಎಲ್ಲರೂ ಮುಗಿಬೀಳುತ್ತಾರೆ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಲು ತಾರೀಖು ಸಿಗುವುದೇ ಕಷ್ಟ, ತಡ ಮಾಡಬೇಡ. ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನ್, ಆಫೀಸಿನಿಂದ ರಜೆಯ ಪತ್ರ, ಇವನ್ನು ಈಗಲೇ ಜೋಡಿಸಿಕೋ. ಪ್ರಯಾಣದ ಮೆಡಿಕಲ್ ಇನ್ಶೂರೆನ್ಸ್ 30,000 ಯೂರೋಗೆ ಕಮ್ಮಿ ಇರುವಂತಿಲ್ಲ, ಅದು ಅವರ ನಿಯಮ.

ಪ್ಯಾಕೇಜಿನ ಮೇಲೆ ಜಿಎಸ್‌ಟಿ ಹಾಕುತ್ತಾರೆ, ಟಿಸಿಎಸ್ ಅಂತ ಮೊದಲೇ ಹಿಡಿಯುವ ತೆರಿಗೆಯೂ ಹಿಡಿಯುತ್ತಾರೆ. ಕಾಗದದಲ್ಲಿ ದೊಡ್ಡದಾಗಿ ಹಾಕಿರುವ ರೇಟಿನಲ್ಲಿ ಇವೆರಡೂ ಸೇರಿವೆಯಾ ನೋಡು. ಟಿಸಿಎಸ್ ಹೋದ ದುಡ್ಡಲ್ಲ. ನಿನ್ನ ಪ್ಯಾನ್ ನಂಬರನ್ನೇ ಕೊಟ್ಟಿರು, ಮುಂದೆ ರಿಟರ್ನ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತದೆ, ಜಾಸ್ತಿ ಇದ್ದರೆ ವಾಪಸ್ ಬರುತ್ತದೆ. ಆದರೆ ಈಗ ಕೈಯಿಂದ ಕಟ್ಟಬೇಕಲ್ಲ, ಬಜೆಟ್ಟಿನಲ್ಲಿ ಇಟ್ಟುಕೋ.

ಕೈಖರ್ಚಿನ ದುಡ್ಡು ಎಲ್ಲಾ ನೋಟಿನಲ್ಲಿ ಬೇಡ. ಫಾರೆಕ್ಸ್ ಕಾರ್ಡಿಗೆ (ವಿದೇಶಿ ದುಡ್ಡು ಮೊದಲೇ ತುಂಬಿಸುವ ಕಾರ್ಡು) ಹಾಕಿಸಿಕೊಂಡು ಸ್ವಲ್ಪ ಮಾತ್ರ ನಗದು ಇಟ್ಟುಕೋ, ಸ್ವಿಟ್ಜರ್‌ಲೆಂಡಿಗೆ ಫ್ರಾಂಕು, ಉಳಿದ ಕಡೆ ಯೂರೋ. ಅಂಗಡಿಯ ಮೆಷಿನ್ನಿನಲ್ಲಿ "ರೂಪಾಯಿಯಲ್ಲಿ ಕೊಡುತ್ತೀರಾ" ಅಂತ ಕೇಳಿದರೆ ಬೇಡ ಅನ್ನು, ಅಲ್ಲಿಯ ದುಡ್ಡಿನಲ್ಲೇ ಕೊಡು. ರೂಪಾಯಿ ಅಂದ್ರೆ ಅವರ ರೇಟು ಹಾಕಿ ಜಾಸ್ತಿ ಕಿತ್ತುಕೊಳ್ಳುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಅಮ್ಮ ತುಪ್ಪ, ಪೇಡ ಕಟ್ಟಿಕೊಡುತ್ತಾಳೆ, ಬೇಡ ಅನ್ನು. ಹೊರಗಿನ ಹಾಲಿನ ಪದಾರ್ಥ ಯುರೋಪಿನೊಳಗೆ ಒಯ್ಯುವಂತಿಲ್ಲ. ಒಣಕೊಬ್ಬರಿಗೂ ವಿಮಾನದಲ್ಲಿ ತಕರಾರು ಮಾಡುತ್ತಾರೆ. ಚಟ್ನಿಪುಡಿ, ಮಂಡಕ್ಕಿ ಸಾಕು.

ಎಷ್ಟು ಬೇಕು ಅಂತ ಒಂದು ಅಂಕಿ ನಾನು ಈಗಲೇ ಹೇಳಲಾರೆ. "ಸೇರಿಲ್ಲ" ಅಂತ ಇರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡು, ಅದರ ಮೇಲೆ ಆಪತ್ತಿಗೆ ಅಂತ ಸ್ವಲ್ಪ ಸೇರಿಸು, ಅದೇ ನಿನ್ನ ಲೆಕ್ಕ. ಆ ಕಾಗದದ ಎರಡೂ ಪುಟದ ಫೋಟೊ ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಹಾಕಬೇಡ. ಕನ್ನಡಕ ಹಾಕಿಕೊಂಡು ನಾನೂ ಒಂದು ಸಲ ಓದುತ್ತೇನೆ. ಕೇಬಲ್ ಕಾರಿನ ಟಿಕೆಟ್ ಅದರಲ್ಲಿ ಸೇರಿಲ್ಲದಿದ್ದರೆ ಆ ದುಡ್ಡು ನಾನು ಹಾಕುತ್ತೇನೆ. ಶನಿವಾರ ಸಂಜೆ ಏಳರ ಮೇಲೆ ಫೋನ್ ಮಾಡು, ಅಷ್ಟರವರೆಗೆ ಯಾರಿಗೂ ಏನೂ ಕಟ್ಟಬೇಡ.