ಇಡುಗಂಟಿಗೆ ಕೈ ಹಾಕಬೇಡಿ

ಮಗಳೇ, ನಿಮ್ಮ ಕಾಲೊನಿಯ ಧರ್ಮಾರ್ಥ ನರ್ಸಿಂಗ್ ಹೋಮಿಗೆ ತಿಂಗಳಿಗೆ 80,000 ರೂಪಾಯಿ ಕೊರತೆ ಬೀಳುತ್ತಿದೆ, ಅದನ್ನು ತುಂಬಲು ಬ್ಯಾಂಕಿನಲ್ಲಿರುವ ಇಡುಗಂಟನ್ನು ಮುರಿಯೋಣವೆಂದು ಸಮಿತಿಯವರು ಹೇಳುತ್ತಿದ್ದಾರೆ, ಸಹಿ ಹಾಕಲೇ ಬೇಡವೇ ಎಂದು ನೀನು ಕೇಳಿದ್ದನ್ನು ಈಗಷ್ಟೇ ಓದಿದೆ. ಸಹಿ ಹಾಕಬೇಡ. ಇಡುಗಂಟನ್ನು ಮುರಿದು ಸಂಬಳ ಕೊಡಲು ಹೊರಟ ಆಸ್ಪತ್ರೆ ಉಳಿಯುವುದಿಲ್ಲ.

ನಾವು ಹಾಸನದಲ್ಲಿದ್ದಾಗಿನ ಸಂಗತಿ ಮನೆಯವರಿಗೆಲ್ಲ ಗೊತ್ತಿರುವುದೇ. 1996ರಲ್ಲಿ ನಿನ್ನ ದೊಡ್ಡಪ್ಪ ಅಲ್ಲಿಯ ಟ್ರಸ್ಟಿನಲ್ಲಿದ್ದರು, ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಹನ್ನೆರಡು ಹಾಸಿಗೆಯ ಹೆರಿಗೆ ಆಸ್ಪತ್ರೆ. ಇಡುಗಂಟೆಂದು ಬ್ಯಾಂಕಿನಲ್ಲಿ ಆರು ಲಕ್ಷ ರೂಪಾಯಿ ಠೇವಣಿ. ಆಗ ಬ್ಯಾಂಕುಗಳು ಶೇಕಡಾ 12ರಷ್ಟು ಬಡ್ಡಿ ಕೊಡುತ್ತಿದ್ದುದರಿಂದ ತಿಂಗಳಿಗೆ 6,000 ರೂಪಾಯಿ ಬರುತ್ತಿತ್ತು. ಅದನ್ನೂ ಸೇರಿಸಿಕೊಂಡ ಮೇಲೆ 9,000 ಸಾಲದೆ ಬರುತ್ತಿತ್ತು. ಒಂದು ಲಕ್ಷವನ್ನಷ್ಟೇ ಮುರಿಯೋಣ, ಮುಂದಿನ ವರ್ಷ ದಾನ ಬಂದಾಗ ತುಂಬಿಸೋಣ ಎಂದು ಟ್ರಸ್ಟಿನವರು ಹೇಳಿದರು. ಒಂದು ಲಕ್ಷ ಹೋದ ಕೂಡಲೇ ಬಡ್ಡಿಯಲ್ಲಿ ತಿಂಗಳಿಗೆ 1,000 ಕಡಿಮೆಯಾಯಿತು, 9,000ದ ಕೊರತೆ 10,000 ಆಯಿತು, ಅದನ್ನು ತುಂಬಲು ಮತ್ತೊಂದು ಠೇವಣಿ ಮುರಿಯಬೇಕಾಯಿತು. ಅವಧಿಗೆ ಮುಂಚೆ ಮುರಿದದ್ದಕ್ಕೆ ಬ್ಯಾಂಕಿನವರು ಬಡ್ಡಿಯನ್ನು ಬೇರೆ ಕಡಿತ ಮಾಡಿದರು. ಐದನೆಯ ವರ್ಷ ತುಂಬುವ ಮೊದಲೇ ಆರು ಲಕ್ಷವೂ ಕರಗಿತ್ತು. ಕೊನೆಯ ಮೂರು ತಿಂಗಳ ಸಂಬಳವಿಲ್ಲದೆಯೂ ರಾತ್ರಿ ಪಾಳಿಗೆ ಬರುತ್ತಿದ್ದ ಆಯಾ ಒಬ್ಬಳು, ಬಾಗಿಲಿಗೆ ಬೀಗ ಹಾಕಿದ ದಿನ ತೊಟ್ಟಿಲ ಬಟ್ಟೆಗಳನ್ನು ಒಗೆದು ಮಡಿಸಿಟ್ಟು ಹೋದಳು. ಅವಳ ಬಾಕಿಯನ್ನು ಟ್ರಸ್ಟು ಕೊಡಲೇ ಇಲ್ಲ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಎಷ್ಟೇ ಒತ್ತಾಯ ಬಂದರೂ ಇಡುಗಂಟಿಗೆ ಕೈ ಹಾಕಲು ಒಪ್ಪಬೇಡ.

ಆ ಊರಿನಲ್ಲಿ ಹಣವಿಲ್ಲದಿರಲಿಲ್ಲ. ತಾಯಿಯ ಹೆಸರಿನಲ್ಲಿ ಕೋಣೆ ಕಟ್ಟಿಸಿ ಅಮೃತಶಿಲೆಯ ಫಲಕ ಹಾಕಿಸಲು ಜನ ಮುಂದೆ ಬಂದರು; ಸಿಸ್ಟರುಗಳ ಸಂಬಳಕ್ಕೆ, ಆಮ್ಲಜನಕದ ಸಿಲಿಂಡರಿಗೆ, ಜನರೇಟರಿನ ಡೀಸೆಲಿಗೆ ಕೊಡಿ ಎಂದರೆ ಮಾತು ಬದಲಿಸಿದರು. ಕೋಣೆ ಹೆಚ್ಚಿದಂತೆ ಖರ್ಚೂ ಹೆಚ್ಚಿತು. ಬಾಗಿಲು ಮುಚ್ಚಿದ ಮೇಲೆ, ವರ್ಷವರ್ಷವೂ ಆಡಿಟ್ ಆದ ಲೆಕ್ಕವನ್ನು ಒಮ್ಮೆಯೂ ಬಿಚ್ಚಿ ನೋಡದವರೇ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ನನ್ನ ಬೆನ್ನ ಹಿಂದೆ ಆಡಿಕೊಂಡರು. ನಿನ್ನ ದೊಡ್ಡಪ್ಪ ಆ ಮಾತನ್ನು ಕೇಳಿಯೂ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಆ ನೋವು ನನಗೆ ಇಂದಿಗೂ ಹೋಗಿಲ್ಲ.

ಸಹಿ ಹಾಕದಿದ್ದರೆ ಹಣ ಹೊಂದಿಸುವ ದಾರಿ ಯಾವುದು, ಅದನ್ನೂ ಹೇಳಬೇಕಲ್ಲ. ಕಾಲೊನಿಯಲ್ಲಿ 320 ಮನೆಗಳಿವೆ ಎಂದು ಬರೆದಿದ್ದೀಯೆ. ಎಲ್ಲರೂ ಒಪ್ಪಿದರೆ ಮನೆಗೆ ತಿಂಗಳಿಗೆ 250 ರೂಪಾಯಿ, 200 ಮನೆಯವರಷ್ಟೇ ಒಪ್ಪಿದರೆ 400 ರೂಪಾಯಿ ಸಾಕು. ಒಂದು ಬಾರಿಯ ದೊಡ್ಡ ದಾನಕ್ಕಿಂತ ಪ್ರತಿ ತಿಂಗಳೂ ಖಾತೆಯಿಂದ ತಾನಾಗಿ ಹೋಗುವ ಹಣವೇ ಸಂಬಳಕ್ಕೆ ಆಧಾರ. ಹೀಗೆ ಕೊಡುವವರು ಪತ್ರದಲ್ಲಿ ‘ಕಾರ್ಪಸ್’ ಎಂದು ಬರೆಯಬಾರದು, ಬರೆದರೆ ಅದು ಇಡುಗಂಟಿಗೆ ಸೇರಬೇಕಾಗುತ್ತದೆ, ದಿನದ ಖರ್ಚಿಗೆ ಒದಗುವುದಿಲ್ಲ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ, 80ಜಿ ಎಂದು ಕರೆಯುತ್ತಿದ್ದ ಮಾನ್ಯತೆ ಟ್ರಸ್ಟಿಗೆ ಜಾರಿಯಲ್ಲಿದೆಯೇ ಎಂದು ಮೊದಲು ಕೇಳು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ; ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ದಾನದ ಮೇಲಿನ ವಿನಾಯಿತಿ ಸಿಗುತ್ತದೆ ಎಂಬುದನ್ನೂ ಎಲ್ಲರಿಗೂ ತಿಳಿಸು.

ಸಭೆ ಭಾನುವಾರವಂತೆ. ಅಷ್ಟರೊಳಗೆ ಹನ್ನೆರಡು ತಿಂಗಳ ಆಯವ್ಯಯದ ಪಟ್ಟಿಯನ್ನು ಸಮಿತಿಯವರಿಂದ ಪಡೆದು ನನಗೆ ಕಳುಹಿಸು, ನಾನು ಕುಳಿತು ನೋಡುತ್ತೇನೆ. ನನ್ನ ಹೆಸರನ್ನೂ ತಿಂಗಳಿಗೆ 250ರ ಪಟ್ಟಿಯಲ್ಲಿ ಬರೆದುಕೋ. ಮೊದಲ ವರ್ಷದ 3,000 ರೂಪಾಯಿಗೆ ಚೆಕ್ಕು ಬರೆದಿಟ್ಟಿರುತ್ತೇನೆ, ಮನೆಗೆ ಬಂದಾಗ ತೆಗೆದುಕೊಂಡು ಹೋಗು.